ಸಾಂತೊರಿನಿಯ ತವೆರ್ನಾದಲ್ಲಿ ಊಟ: ಬ್ರೆಡ್ ಬುಟ್ಟಿಯಿಂದ ಬಿಲ್‌ವರೆಗೆ

ಮೇಜಿಗೆ ಬಿಳಿ ಕಾಗದ ಹಾಸಿ, ಗಾಳಿಗೆ ಹಾರದಂತೆ ಅಂಚುಗಳಿಗೆ ಸ್ಟೀಲ್ ಕ್ಲಿಪ್ ಸಿಕ್ಕಿಸಿರುತ್ತಾರೆ. ಕೂತು ಎರಡು ನಿಮಿಷ ಆಗಿರುವುದಿಲ್ಲ, ಕೇಳದೆಯೇ ಒಂದು ಬುಟ್ಟಿ ಬ್ರೆಡ್ ಬರುತ್ತದೆ. ಮೆನುವಿನಲ್ಲಿ ಮೀನಿನ ಎದುರು 65 ಎಂದಿದೆ. ಅದು ತಟ್ಟೆಯ ಬೆಲೆಯೋ ಕಿಲೋ ಬೆಲೆಯೋ ತಿಳಿಯುವುದಿಲ್ಲ. ಇದರಲ್ಲಿ ಮಾಂಸ ಇದೆಯೇ ಎಂದು ಕೇಳಿದರೆ ಮಾಣಿ 'ನೆ' ಎನ್ನುತ್ತಾನೆ. ಇಲ್ಲ ಎಂದನೆಂದುಕೊಂಡು ಆರ್ಡರ್ ಮಾಡಿದರೆ ಕೆಟ್ಟಿತು, ಏಕೆಂದರೆ ಗ್ರೀಕ್‌ನಲ್ಲಿ 'ನೆ' ಎಂದರೆ ಹೌದು.

2025ರಲ್ಲಿ ಇಂಡಿಗೋ ಅಥೆನ್ಸಿಗೆ ನೇರ ವಿಮಾನ ಘೋಷಿಸಿದ ಮೇಲೆ ಗ್ರೀಸ್ ಪ್ರವಾಸದ ಮಾತು ನಮ್ಮ ಮನೆಗಳಲ್ಲೂ ಹೆಚ್ಚಾಗಿದೆ. ಹೋಗುವವರಲ್ಲಿ ಬಹಳಷ್ಟು ಮಂದಿ ಸಾಂತೊರಿನಿ ದ್ವೀಪವನ್ನು ಪಟ್ಟಿಗೆ ಸೇರಿಸಿಯೇ ಸೇರಿಸುತ್ತಾರೆ. ಅಲ್ಲಿ ವೀಸಾ, ಹೋಟೆಲಿಗಿಂತ ಹೆಚ್ಚು ಗಲಿಬಿಲಿ ಆಗುವುದು ಊಟದ ಮೇಜಿನಲ್ಲಿ. ಗ್ರೀಸ್‌ನ ಸಾದಾ ಊಟದ ಮನೆಯಾದ ತವೆರ್ನಾದ ಊಟಕ್ಕೆ ತನ್ನದೇ ಪದ್ಧತಿ ಇದೆ. ಅದು ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಸಸ್ಯಾಹಾರಿಗಳೂ ಹೊಟ್ಟೆ ತುಂಬಾ ಉಣ್ಣಬಹುದು.

ಬೋರ್ಡಿನಲ್ಲಿರುವ ಹೆಸರೇ ಅರ್ಧ ಮೆನು

ಗ್ರೀಕರು ಊಟದ ಜಾಗಗಳನ್ನೆಲ್ಲ 'ರೆಸ್ಟೋರೆಂಟ್' ಎಂದು ಒಂದೇ ಹೆಸರಿನಲ್ಲಿ ಕರೆಯುವುದಿಲ್ಲ. ತವೆರ್ನಾ ಎಂದರೆ ಮನೆಯಡುಗೆ ಮಾದರಿಯ ಸಾದಾ ಊಟದ ಜಾಗ. ಹೆಚ್ಚಿನವನ್ನು ಒಂದೇ ಕುಟುಂಬ ನಡೆಸುತ್ತದೆ. ಪ್ಸರೊತವೆರ್ನಾ ಮೀನಿಗೆ, ಪ್ಸಿಸ್ತರ್ಯಾ ಕೆಂಡದಲ್ಲಿ ಸುಟ್ಟ ಮಾಂಸಕ್ಕೆ. ಊಜೆರಿ ಅಥವಾ ಮೆಜೆದೊಪೊಲಿಯೊ ಎಂದಿದ್ದರೆ ಚಿಕ್ಕ ಚಿಕ್ಕ ತಟ್ಟೆಗಳ ತಿನಿಸು, ಜೊತೆಗೆ ಊಜೊ (ಸೋಂಪಿನ ಮದ್ಯ) ಅಥವಾ ವೈನ್. ಎಸ್ತಿಯಾತೋರಿಯೊ ತುಸು ಔಪಚಾರಿಕ. ಪ್ಸಿಸ್ತರ್ಯಾಗೆ ಹೋಗಿ ಸಸ್ಯಾಹಾರ ಹುಡುಕಿದರೆ ಸಾಲಡ್, ಆಲೂಗಡ್ಡೆ ಫ್ರೈಸ್ ಮತ್ತು ಜಾತ್ಸಿಕಿ (ಸೌತೆಕಾಯಿ, ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು) ಬಿಟ್ಟು ಹೆಚ್ಚೇನೂ ಸಿಗದು. ಮಾಂಸ ತಿನ್ನದವರಿಗೆ ತವೆರ್ನಾ ಮತ್ತು ಮೆಜೆದೊಪೊಲಿಯೊ ವಾಸಿ.

ನೋಟಕ್ಕೂ ಬೆಲೆ ಇದೆ

ಸುಮಾರು 3,600 ವರ್ಷಗಳ ಹಿಂದಿನ ಭಾರಿ ಜ್ವಾಲಾಮುಖಿ ಸ್ಫೋಟದಲ್ಲಿ ನಡುಭಾಗ ಕುಸಿದು ಸಮುದ್ರ ಒಳನುಗ್ಗಿದ ದ್ವೀಪ ಸಾಂತೊರಿನಿ. ಕುಸಿದ ಆ ಬಟ್ಟಲಿಗೆ ಕಾಲ್ಡೆರಾ ಎನ್ನುತ್ತಾರೆ. ಅದರ ಅಂಚಿನ ಕಡಿದಾದ ಬಂಡೆಯ ಮೇಲೆ ಫಿರಾ, ಈಯಾ ಊರುಗಳಿವೆ. ಪೋಸ್ಟರುಗಳಲ್ಲಿ ಕಾಣುವ ನೀಲಿ ಗುಮ್ಮಟ, ಸೂರ್ಯಾಸ್ತ ಎಲ್ಲ ಇಲ್ಲಿಯದೇ. ಈ ಅಂಚಿನ ಮೇಜುಗಳಲ್ಲಿ ಕೊಡುವ ಹಣದಲ್ಲಿ ದೊಡ್ಡ ಪಾಲು ನೋಟಕ್ಕೆ. ಅದು ಮೋಸವಲ್ಲ, ಜಾಗದ ಬಾಡಿಗೆ ಹಾಗಿದೆ. ಆದರೆ ನೋಟವನ್ನೂ ಊಟವನ್ನೂ ಬೇರೆ ಮಾಡಿಕೊಳ್ಳಬಹುದು. ಸೂರ್ಯಾಸ್ತವನ್ನು ದಾರಿಯಲ್ಲಿ ನಿಂತು ನೋಡಿ, ಆಮೇಲೆ ಒಳನಾಡಿನ ಪಿರ್ಗೋಸ್, ಮೆಗಾಲೊಹೋರಿ, ಎಂಪೊರಿಯೊದಂಥ ಹಳ್ಳಿಗಳಲ್ಲಿ ಉಂಡರೆ ಅದೇ ತಿನಿಸು ಕಡಿಮೆ ಬೆಲೆಗೆ ಸಿಗುತ್ತದೆ.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ಸೂರ್ಯಾಸ್ತದ ಮೇಜು ಬೇಕೆಂದರೆ ಮೊದಲೇ ಕಾದಿರಿಸಬೇಕು. ಕಾದಿರಿಸುವಾಗ ಒಂದು ಪ್ರಶ್ನೆ ಕೇಳಿ: 'ಒಬ್ಬರಿಗೆ ಕನಿಷ್ಠ ಇಷ್ಟು ಖರ್ಚು ಮಾಡಬೇಕೆಂಬ ನಿಯಮ ಇದೆಯೇ?' ಕೆಲವೆಡೆ ಇರುತ್ತದೆ. ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ.

ಬೆಲೆಪಟ್ಟಿಯನ್ನು ಬಾಗಿಲ ಬಳಿ ಕಾಣುವಂತೆ ಇಡಬೇಕೆಂಬುದು ಗ್ರೀಸ್‌ನ ನಿಯಮ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎಂದು ಕರೆಯುವವನಿಗೆ 'ಕ್ರಾಹ್ತಿಸ್' ಎನ್ನುತ್ತಾರೆ. ಅವನು ಬಾಯಲ್ಲಿ ಹೇಳಿದ ಬೆಲೆ ಬೇಡ, ಪಟ್ಟಿಯಲ್ಲಿ ಬರೆದದ್ದನ್ನು ನೋಡಿ ಒಳಗೆ ಹೋಗಿ. ಬೆಲೆ ಬರೆಯದ ಪಟ್ಟಿ ಕೊಟ್ಟರೆ ಎದ್ದು ಬರಲು ಸಂಕೋಚ ಬೇಡ.

ಇನ್ನು ಹೊತ್ತು. ಸ್ಥಳೀಯರ ಮಧ್ಯಾಹ್ನದ ಊಟ ಎರಡರಿಂದ ನಾಲ್ಕರವರೆಗೆ, ರಾತ್ರಿ ಊಟ ಒಂಬತ್ತರ ಮೇಲೆ. ನಮ್ಮವರಂತೆ ಏಳಕ್ಕೇ ಹೋದರೆ ಮೇಜು ಸುಲಭವಾಗಿ ಸಿಗುತ್ತದೆ, ಅಡುಗೆಮನೆಯೂ ಬಿಡುವಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಡಗಣದಿಂದ 'ಮೆಲ್ತೆಮಿ' ಗಾಳಿ ಜೋರಾಗಿ ಬೀಸುತ್ತದೆ. ಮೇಜಿನ ಕ್ಲಿಪ್ಪುಗಳು ಅದಕ್ಕೇ. ಬೇಸಿಗೆಯಾದರೂ ಸಂಜೆಗೊಂದು ತೆಳು ಜಾಕೆಟ್ ಜೊತೆಗಿರಲಿ.

ಕೇಳದೆ ಬಂದ ಬ್ರೆಡ್ಡು

ಬುಟ್ಟಿಯ ಬ್ರೆಡ್ ಉಚಿತವಲ್ಲ. ಅದಕ್ಕೆ 'ಕುವೇರ್' ಎಂದು ತಲೆಗೆ ಇಷ್ಟೆಂದು ಹಾಕುತ್ತಾರೆ. ಸಾಮಾನ್ಯ ತವೆರ್ನಾಗಳಲ್ಲಿ ಅರ್ಧ ಯೂರೋದಿಂದ ಎರಡು ಯೂರೋ, ಐಷಾರಾಮಿ ಜಾಗಗಳಲ್ಲಿ ಇನ್ನೂ ಹೆಚ್ಚು. ಮೊತ್ತ ಮೆನುವಿನಲ್ಲಿ ಬರೆದಿರುತ್ತದೆ. ಬೇಡವಾದರೆ ಬುಟ್ಟಿ ಮೇಜಿಗೆ ಬಂದ ಕೂಡಲೇ, ಮುಟ್ಟುವ ಮೊದಲೇ ಹೇಳಿ ವಾಪಸು ಕಳಿಸಿ. ಆದರೂ ಇಟ್ಟುಕೊಳ್ಳುವುದೇ ಮೇಲು. ತವೆರ್ನಾದ ಬಹುಪಾಲು ತಿನಿಸುಗಳು ಗೊಜ್ಜಿನಂತೆ, ಚಟ್ನಿಯಂತೆ ಅದ್ದಿ ತಿನ್ನುವಂಥವು. ಸಾಲಡ್ ತಟ್ಟೆಯ ತಳದಲ್ಲಿ ಉಳಿದ ಟೊಮೇಟೊ ರಸ, ಆಲಿವ್ ಎಣ್ಣೆಯನ್ನು ಬ್ರೆಡ್ಡಿನಿಂದ ಸವರಿ ತಿನ್ನುವುದಕ್ಕೆ ಗ್ರೀಕ್‌ನಲ್ಲಿ 'ಪಾಪಾರಾ' ಎಂಬ ಹೆಸರೇ ಇದೆ. ಅದು ಅಸಭ್ಯವಲ್ಲ, ಎಲ್ಲರೂ ಮಾಡುವುದೇ.

ತಟ್ಟೆಗಳು ನಡುವೆ, ಕೈಗಳು ಸುತ್ತ

ಒಬ್ಬೊಬ್ಬರು ಒಂದೊಂದು ಆರ್ಡರ್ ಮಾಡಿ ತಮ್ಮ ತಮ್ಮದನ್ನು ತಿನ್ನುವುದು ತವೆರ್ನಾದ ರೂಢಿಯಲ್ಲ. ತಟ್ಟೆಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಬಡಿಸಿಕೊಳ್ಳುತ್ತಾರೆ. ಹೇಳಿದ ಕ್ರಮದಲ್ಲಿ ಬರುವುದಿಲ್ಲ. ಯಾವುದು ಮೊದಲು ತಯಾರಾಯಿತೋ ಅದು ಮೊದಲು. ಮಕ್ಕಳದು ಬೇಗ ಬೇಕಿದ್ದರೆ ಅದನ್ನಷ್ಟೇ ಮೊದಲು ಹೇಳಿ, ಉಳಿದದ್ದನ್ನು ಹತ್ತು ನಿಮಿಷ ಬಿಟ್ಟು ಹೇಳುವುದು ಜಾಣತನ.

ಭಾರತದಿಂದ ಹೋದವರು ಮಾಡುವ ಸಾಮಾನ್ಯ ತಪ್ಪು ಅತಿಯಾಗಿ ಆರ್ಡರ್ ಮಾಡುವುದು. ನಾಲ್ವರಿಗೆ ಒಂದು ಸಾಲಡ್, ಮೂರು ಚಿಕ್ಕ ತಟ್ಟೆ, ಎರಡು ದೊಡ್ಡ ತಟ್ಟೆ ಸಾಕು. ಸಾಲದಿದ್ದರೆ ಮತ್ತೆ ಹೇಳಬಹುದು. 'ಹೊರ್ಯಾತಿಕಿ' ಎಂಬ ಹಳ್ಳಿ ಸಾಲಡ್ ಒಂದೇ ಇಬ್ಬರಿಗೆ ಆಗುತ್ತದೆ: ದಪ್ಪ ತುಂಡಿನ ಟೊಮೇಟೊ, ಸೌತೆ, ಈರುಳ್ಳಿ, ಹಸಿರು ದೊಣ್ಣೆ ಮೆಣಸು, ಆಲಿವ್ ಕಾಯಿ, ಮೇಲೊಂದು ಹಾಳೆಯಂಥ ಫೆತಾ ಚೀಸ್, ಅದರ ಮೇಲೆ ಒರೆಗಾನೊ ಪುಡಿ. ಎಲೆಕೋಸಾಗಲಿ ಲೆಟ್ಯೂಸ್ ಆಗಲಿ ಅದರಲ್ಲಿ ಇರುವುದಿಲ್ಲ.

ಸಸ್ಯಾಹಾರಿಗಳಿಗೆ: 'ಲಾದೆರಾ' ಎಂಬ ಪದ ನೆನಪಿಡಿ

ಗ್ರೀಕ್ ಅಡುಗೆ ಎಂದರೆ ಮಾಂಸ, ಮೀನು ಎಂಬ ಭಾವನೆ ತಪ್ಪು. ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳ ದಿನ ಉಪವಾಸವಿದೆ. ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ ದೀರ್ಘ ವ್ರತ, ಆಗಸ್ಟ್ 1ರಿಂದ 14ರವರೆಗೆ ಮಾತೆ ಮರಿಯಳ ಹಬ್ಬಕ್ಕೆ ಮುಂಚಿನ ವ್ರತ. ಈ ದಿನಗಳಿಗೆಂದೇ ಮಾಂಸ, ಹಾಲು, ಮೊಟ್ಟೆ ಇಲ್ಲದ ದೊಡ್ಡ ಅಡುಗೆ ಪರಂಪರೆ ಬೆಳೆದಿದೆ.

ಅದರ ತಿರುಳು 'ಲಾದೆರಾ'. 'ಲಾದಿ' ಎಂದರೆ ಎಣ್ಣೆ. ಲಾದೆರಾ ಎಂದರೆ ಧಾರಾಳ ಆಲಿವ್ ಎಣ್ಣೆಯಲ್ಲಿ, ಟೊಮೇಟೊ, ಈರುಳ್ಳಿ ಜೊತೆ ಸಣ್ಣ ಉರಿಯಲ್ಲಿ ಬೇಯಿಸಿದ ತರಕಾರಿ. ಹುರುಳಿಕಾಯಿ ಆದರೆ ಫಸೊಲಾಕ್ಯಾ, ಬೆಂಡೆಕಾಯಿ ಆದರೆ ಬಾಮ್ಯೆಸ್, ಆಲೂಗಡ್ಡೆ, ಬದನೆ, ಝುಕಿನಿ ಒಟ್ಟಿಗೆ ಓವನ್‌ನಲ್ಲಿ ಬೆಂದರೆ ಬ್ರಿಯಾಮ್. ತಟ್ಟೆಯ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಅದು ತಪ್ಪಿ ಹೆಚ್ಚಾದದ್ದಲ್ಲ, ನಮ್ಮ ಎಣ್ಣೆಗಾಯಿಯ ಎಣ್ಣೆಯಂತೆ ಅದೂ ತಿನಿಸಿನ ಭಾಗ. ಬಿಸಿಬಿಸಿಯಾಗಿ ಬರಲಿಲ್ಲವೆಂದು ಹಳಸಲು ಎಂದುಕೊಳ್ಳಬೇಡಿ. ಬೆಳಿಗ್ಗೆ ಬೇಯಿಸಿಟ್ಟು ಉಗುರುಬೆಚ್ಚಗೆ ಬಡಿಸುವುದೇ ಇದರ ಕ್ರಮ, ಆರಿದ ಮೇಲೆ ಹುಳಿ, ಸಿಹಿ, ಎಣ್ಣೆ ಕೂಡಿಕೊಂಡು ರುಚಿ ಏರುತ್ತದೆ.

ಸಾಂತೊರಿನಿಗೇ ವಿಶೇಷವಾದದ್ದು 'ಫಾವಾ'. ಹೆಸರು ಕೇಳಿ ಫಾವಾ ಬೀನ್ಸ್ ಎಂದುಕೊಳ್ಳುವವರಿದ್ದಾರೆ, ಅಲ್ಲ. ಇದು ದ್ವೀಪದ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆಯುವ ಒಂದು ಹಳದಿ ಬೇಳೆ. ನುಣ್ಣಗೆ ಬೇಯಿಸಿ, ಗೊಟಾಯಿಸಿ, ಮೇಲೆ ಆಲಿವ್ ಎಣ್ಣೆ, ಹೆಚ್ಚಿದ ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಹಾಕಿ ಕೊಡುತ್ತಾರೆ. ಚಮಚದಲ್ಲಿ ಎತ್ತಿದರೆ ಗಟ್ಟಿ ತೊವ್ವೆಯಂತೆ ನಿಧಾನವಾಗಿ ಜಾರುತ್ತದೆ, ರುಚಿಯಲ್ಲಿ ಮಣ್ಣಿನ ತೆಳು ಸಿಹಿ ಇರುತ್ತದೆ. ವಯಸ್ಸಾದವರಿಗೆ, ಮಕ್ಕಳಿಗೆ ಇದಕ್ಕಿಂತ ನೆಮ್ಮದಿಯ ತಿನಿಸು ಆ ಮೆನುವಿನಲ್ಲಿ ಇನ್ನೊಂದಿಲ್ಲ. 'ಹೋರ್ತಾ' ಎಂದರೆ ಬೇಯಿಸಿದ ಸೊಪ್ಪು, ಮೇಲೆ ಎಣ್ಣೆ, ನಿಂಬೆರಸ. ಬೇಸಿಗೆಯಲ್ಲಿ ಸಿಗುವ 'ವ್ಲೀತಾ' ನಮ್ಮ ದಂಟಿನ ಸೊಪ್ಪಿನ ದಾಯಾದಿ. 'ಯೀಗಾಂತೆಸ್' ಟೊಮೇಟೊದಲ್ಲಿ ಬೆಂದ ದೊಡ್ಡ ಬಿಳಿ ಬೀನ್ಸ್ ಕಾಳು.

ಎಡವುವುದು ಎಲ್ಲಿ ಎಂಬುದನ್ನೂ ಹೇಳಬೇಕು. 'ಗೆಮಿಸ್ತಾ' ಎಂದರೆ ಅನ್ನ ತುಂಬಿ ಬೇಯಿಸಿದ ಟೊಮೇಟೊ, ದೊಣ್ಣೆ ಮೆಣಸು. ಕೆಲವರು ಇದಕ್ಕೆ ಕೊಚ್ಚಿದ ಮಾಂಸ ಸೇರಿಸುತ್ತಾರೆ. ಮಾಂಸವಿಲ್ಲದ್ದಕ್ಕೆ 'ಒರ್ಫಾನಾ', ಅಂದರೆ ಅನಾಥ, ಎಂಬ ಹೆಸರಿದೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದಾಕ್ಯಾಗೂ ಇದೇ ಪ್ರಶ್ನೆ. ಅಲ್ಲಿ ಮಾಂಸವಿಲ್ಲದ್ದು 'ಯಲಂಜಿ'. ಗುಲಾಬಿ ಬಣ್ಣದ ತಾರಾಮೊಸಲಾತಾ ನೋಡಲು ಚಟ್ನಿಯಂತಿದ್ದರೂ ಅದು ಮೀನಿನ ಮೊಟ್ಟೆ. ಮುಸಾಕಾ ಬದನೆಕಾಯಿ ತಿನಿಸೆಂದು ಕೇಳಿರುತ್ತೀರಿ, ಪದರದ ನಡುವೆ ಮಾಂಸವಿರುತ್ತದೆ. ಝುಕಿನಿಯ ಕೊಲೊಕಿಥೊಕೆಫ್ತೆದೆಸ್ ಬೋಂಡಾಕ್ಕೆ ಸಾಮಾನ್ಯವಾಗಿ ಮೊಟ್ಟೆ, ಚೀಸ್ ಹಾಕುತ್ತಾರೆ. ಸಾಂತೊರಿನಿಯ ಚಿಕ್ಕ ಟೊಮೇಟೊದಿಂದ ಮಾಡುವ ತೊಮಾತೊಕೆಫ್ತೆದೆಸ್ ಹಿಟ್ಟಿನಲ್ಲಿ ಕಟ್ಟಿದ್ದಾದರೂ ಮೊಟ್ಟೆಯ ವಿಷಯ ಕೇಳಿಯೇ ತೀರಬೇಕು. ಕರಿಯುವ ಎಣ್ಣೆ ಮೀನು, ಬೊಂಡಾಸ್ (ಸ್ಕ್ವಿಡ್) ಕರಿದ ಎಣ್ಣೆಯೇ ಆಗಿರಬಹುದು; ಕಟ್ಟುನಿಟ್ಟಿನವರು ಕರಿದದ್ದನ್ನು ಬಿಟ್ಟು ಲಾದೆರಾ, ಫಾವಾ ಕಡೆ ಹೋಗುವುದು ಒಳ್ಳೆಯದು.

'ನಿಸ್ತೀಸಿಮೊ' ಎಂದರೆ ಉಪವಾಸಕ್ಕೆ ಸಲ್ಲುವ ತಿನಿಸು. ಹಾಲು, ಮೊಟ್ಟೆ ಬೇಡವೆನ್ನುವವರಿಗೆ ಈ ಪದ ಬಹಳ ಉಪಯೋಗಿ, ಆದರೆ ಅರ್ಧ ಮಾತ್ರ ಸುರಕ್ಷಿತ. ಅವರ ಉಪವಾಸದಲ್ಲಿ ರಕ್ತವಿಲ್ಲದ ಕಡಲ ಜೀವಿಗಳೆಂದು ಪರಿಗಣಿಸುವ ಸಿಗಡಿ, ಬೊಂಡಾಸ್, ಆಕ್ಟೋಪಸ್ ನಡೆಯುತ್ತವೆ. ಆದ್ದರಿಂದ ಜೊತೆಗೆ 'ಹೊರೀಸ್ ಥಲಾಸಿನಾ' ಎನ್ನಿ, ಕಡಲಿನದು ಬೇಡ ಎಂದರ್ಥ. 'ಹೊರೀಸ್ ಕ್ರೆಆಸ್' ಎಂದರೆ ಮಾಂಸವಿಲ್ಲದೆ, 'ಹೊರೀಸ್ ಪ್ಸಾರಿ' ಮೀನಿಲ್ಲದೆ, 'ಹೊರೀಸ್ ಅವ್ಗೊ' ಮೊಟ್ಟೆಯಿಲ್ಲದೆ. ಸಸ್ಯಾಹಾರಿಗೆ 'ಹೊರ್ತೊಫಾಗೊಸ್' ಎಂಬ ಪದವಿದೆ.

ಫೆತಾ ಬಗ್ಗೆ ಒಂದು ಮಾತು. 2002ರಿಂದ ಯುರೋಪಿನಲ್ಲಿ ಈ ಹೆಸರು ಗ್ರೀಸ್‌ನ ನಿರ್ದಿಷ್ಟ ಪ್ರದೇಶಗಳ ಚೀಸ್‌ಗೆ ಮಾತ್ರ ಮೀಸಲು. ಕನಿಷ್ಠ 70% ಕುರಿ ಹಾಲು, ಉಳಿದದ್ದು ಆಡಿನ ಹಾಲು ಇರಬೇಕು. ಹಾಲು ಒಡೆಸಲು ಸಾಂಪ್ರದಾಯಿಕವಾಗಿ ಕುರಿಮರಿ, ಆಡಿನ ಮರಿಗಳ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ತಿನ್ನದವರು 'ಹೊರೀಸ್ ಫೆತಾ' ಎಂದರೆ ಸಾಲಡ್ ಚೀಸ್ ಇಲ್ಲದೆ ಬರುತ್ತದೆ. ಮಾಣಿಗೆ ರೆನೆಟ್‌ನ ಮೂಲ ಗೊತ್ತಿರುವುದು ಕಷ್ಟ, ಅವನನ್ನು ಅದರ ಬಗ್ಗೆ ಪ್ರಶ್ನಿಸಿ ಪ್ರಯೋಜನವಿಲ್ಲ.

ಉತ್ತರ ಕೇಳುವಾಗ ಎಚ್ಚರ: 'ನೆ' ಹೌದು, 'ಓಹಿ' ಇಲ್ಲ. ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿ 'ತ್ಚ್' ಎಂದರೂ ಇಲ್ಲ ಎಂದೇ ಅರ್ಥ. ಇದು ನಮಗೆ ಹೊಸದಲ್ಲ. ನಾವು ಅಕ್ಕಪಕ್ಕಕ್ಕೆ ತಲೆ ತೂಗುವುದು ಮಾತ್ರ ಅವರಿಗೆ ಅರ್ಥವಾಗುವುದಿಲ್ಲ, ಬಾಯಲ್ಲೇ ಹೇಳಿ.

ಅಡುಗೆಯಲ್ಲಿ ಖಾರ ಇರುವುದಿಲ್ಲ. 'ಬೂಕೊವೊ' ಕೇಳಿದರೆ ಒಣಮೆಣಸಿನ ಚೂರು ಸಿಗಬಹುದು.

ಮೀನು: ಬಿಲ್ ಹಿಗ್ಗುವ ಜಾಗ

ಇಡೀ ಮೀನಿನ ಬೆಲೆ ಕಿಲೋ ಲೆಕ್ಕದಲ್ಲಿ. ಮೆನುವಿನಲ್ಲಿ ಚಿಕ್ಕದಾಗಿ 'ಕಿಲೋಗೆ' ಎಂದು ಇರುತ್ತದೆ, ಕಣ್ಣಿಗೆ ತಪ್ಪುವುದು ಸುಲಭ. ಲಾಬ್‌ಸ್ಟರ್ ಹಾಕಿದ ಪಾಸ್ತಾ 'ಅಸ್ತಕೊಮಕರೊನಾದಾ' ಸಹ ಬಹಳ ಕಡೆ ಲಾಬ್‌ಸ್ಟರ್‌ನ ತೂಕಕ್ಕೇ. ಜಗಳಗಳು ಹುಟ್ಟುವುದು ಇಲ್ಲಿ.

ಸರಿಯಾದ ಕ್ರಮ ಹೀಗೆ. ಮೀನು ತೋರಿಸಿ ಎಂದು ಕೇಳಿ. ಅವರೇ ಐಸ್ ಪೆಟ್ಟಿಗೆಯ ಬಳಿ ಕರೆದೊಯ್ಯುತ್ತಾರೆ. ಒಳಗೆ ಹೋಗಿ ನೋಡುವುದು ಅಲ್ಲಿ ರೂಢಿ. ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಕೆಂಪಗಿದೆಯೇ ನೋಡಿ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೀನನ್ನು ಆರಿಸಿ, ನಿಮ್ಮೆದುರೇ ತೂಗಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ, ಆಮೇಲೆ ಒಪ್ಪಿ. ತೂಕ ಹಿಡಿಯುವುದು ಶುಚಿ ಮಾಡುವ ಮೊದಲು. ಕಿಲೋಗೆ 65 ಯೂರೋ ಇದ್ದು ಮೀನು 850 ಗ್ರಾಂ ತೂಗಿದರೆ 55.25 ಯೂರೋ. ಇಬ್ಬರಿಗೆ 700ರಿಂದ 900 ಗ್ರಾಂ ಮೀನು ಸಾಕು, ಏಕೆಂದರೆ ತಲೆ, ಮುಳ್ಳು ಕಳೆದರೆ ಉಳಿಯುವುದು ಅರ್ಧದಷ್ಟು.

ಅಗ್ಗದ, ರುಚಿಯ ದಾರಿ ಚಿಕ್ಕ ಮೀನು. ಸರ್ದೆಲೆಸ್ ನಮ್ಮ ಬೂತಾಯಿಯ ಬಳಗ. ಗಾವ್ರೊಸ್ ಎಂಬ ಆಂಚೊವಿ, ಬೆರಳುದ್ದದ ಮಾರೀದೆಸ್ ಇವೆಲ್ಲ ತಟ್ಟೆಯ ಲೆಕ್ಕದಲ್ಲಿ ಸಿಗುತ್ತವೆ. ಸುಟ್ಟ ಆಕ್ಟೋಪಸ್ ಕೂಡ ಹಾಗೆಯೇ. ಈಯಾದಿಂದ ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿಳಿದರೆ ಸಿಗುವ ಅಮ್ಮೂದಿ ದಡದಲ್ಲಿ ಆಕ್ಟೋಪಸ್‌ಗಳನ್ನು ಹಗ್ಗದ ಮೇಲೆ ಬಟ್ಟೆಯಂತೆ ಒಣಹಾಕಿರುವುದು ಕಾಣುತ್ತದೆ. ಅದು ಬರೀ ಪ್ರದರ್ಶನವಲ್ಲ: ನೀರಿನಂಶ ಆರಿದ ಮೇಲೆ ಕೆಂಡದ ಮೇಲೆ ಇಟ್ಟರೆ ಹೊರಮೈ ಬೇಗ ಕಂದುತ್ತದೆ, ಇಲ್ಲವಾದರೆ ತನ್ನದೇ ನೀರಿನಲ್ಲಿ ಬೆಂದು ರಬ್ಬರಿನಂತಾಗುತ್ತದೆ.

ಶೈತ್ಯೀಕರಿಸಿದ್ದನ್ನು ಮೆನುವಿನಲ್ಲಿ ಗುರುತಿಸಬೇಕೆಂಬ ನಿಯಮವಿದೆ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ, ಅಥವಾ 'ಕತೆಪ್ಸಿಗ್ಮೆನೊ' ಪದದ ಮೊದಲ ಅಕ್ಷರಗಳು ಇರುತ್ತವೆ. ಬೊಂಡಾಸ್, ಸಿಗಡಿಗೆ ಈ ಗುರುತು ಇರುವುದು ಸಾಮಾನ್ಯ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಇರುವಂತೆ ಗ್ರೀಸ್‌ನಲ್ಲೂ ಬೇಸಿಗೆಯ ತಿಂಗಳುಗಳಲ್ಲಿ ಟ್ರಾಲರ್ ಬಲೆಗೆ ತಡೆಯಿದೆ. ಪ್ರವಾಸಿಗಳು ಹೆಚ್ಚಿರುವ ಕಾಲಕ್ಕೇ ಹಡಗುಗಳು ದಡದಲ್ಲಿರುತ್ತವೆ. ತಾಜಾ ಮೀನು ಚಿಕ್ಕ ದೋಣಿಯವರಿಂದ ಬರಬೇಕು. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ತ್ಸಿಪೂರಾ, ಲಾವ್ರಾಕಿ ಎಂಬ ಮೀನುಗಳು ಕಡಿಮೆ ಬೆಲೆಗೆ ಸಿಕ್ಕರೆ ಅವು ಸಾಕಿದ ಮೀನುಗಳು. ತಿನ್ನಲು ಚೆನ್ನಾಗಿಯೇ ಇರುತ್ತವೆ, ಕಡಲಲ್ಲಿ ಹಿಡಿದ ಮೀನಿನ ಬೆಲೆ ಮಾತ್ರ ಕೊಡಬೇಡಿ.

ಕಿಲೋ ಲೆಕ್ಕದ ವೈನ್, ಬೆಳ್ಳಗಾಗುವ ಊಜೊ

ಮನೆ ವೈನ್‌ಗೆ 'ಹೀಮಾ' ಎನ್ನುತ್ತಾರೆ, ಪೀಪಾಯಿಯಿಂದ ಬಿಡಿಯಾಗಿ ಕೊಡುವಂಥದ್ದು. ವಿಚಿತ್ರವೆಂದರೆ ಅದನ್ನು ಅಳೆಯುವ ಮಾತು ಕಿಲೋ: 'ಮಿಸೊ ಕಿಲೊ' ಎಂದರೆ ಅರ್ಧ ಲೀಟರ್. ಲೋಹದ ಪುಟ್ಟ ಹೂಜಿಯಲ್ಲಿ, ಕಾಲಿಲ್ಲದ ಚಿಕ್ಕ ಗ್ಲಾಸುಗಳ ಜೊತೆ ಬರುತ್ತದೆ. ದ್ವೀಪದ ಅಸಿರ್ತಿಕೊ ಎಂಬ ದ್ರಾಕ್ಷಿಯ ಬಾಟಲಿ ವೈನ್ ಇದಕ್ಕಿಂತ ಬಹಳ ದುಬಾರಿ. ಅದರ ಬಳ್ಳಿಗಳನ್ನು ಗಾಳಿಗೆ ಸಿಗದಂತೆ ನೆಲದ ಮೇಲೇ ಬುಟ್ಟಿಯಂತೆ ಸುತ್ತಿ ಬೆಳೆಸುತ್ತಾರೆ, ಹಣ್ಣು ಬುಟ್ಟಿಯೊಳಗೆ ಬಿಡುತ್ತದೆ. ಮಳೆ ಕಡಿಮೆ, ಇಳುವರಿಯೂ ಕಡಿಮೆ.

ಊಜೊ ಸೋಂಪಿನ ವಾಸನೆಯ ಬಿರುಸಾದ ಮದ್ಯ, ಕನಿಷ್ಠ 37.5% ಆಲ್ಕೊಹಾಲ್. ನೀರು ಬೆರೆಸಿದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಸೋಂಪಿನ ಎಣ್ಣೆ ಆಲ್ಕೊಹಾಲ್‌ನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಹೆಚ್ಚಾದಾಗ ಸಣ್ಣ ಹನಿಗಳಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತದೆ. ಮೊದಲು ನೀರು, ಆಮೇಲೆ ಐಸ್. ನೇರವಾಗಿ ಐಸ್ ಹಾಕಿದರೆ ಆ ಎಣ್ಣೆ ಹರಳುಗಟ್ಟಿ ಮೇಲೆ ತೇಲುತ್ತದೆ. ಒಂದೇ ಗುಟುಕಿಗೆ ಕುಡಿಯುವ ಪೇಯವಲ್ಲ ಇದು, ತಿನಿಸಿನ ಜೊತೆ ಗಂಟೆಗಟ್ಟಲೆ ಹೀರುವಂಥದ್ದು.

ನೀರು ಬಾಟಲಿಯದೇ ತೆಗೆದುಕೊಳ್ಳಿ. ದ್ವೀಪದ ನಲ್ಲಿ ನೀರು ಕುಡಿಯಲು ತಕ್ಕುದಲ್ಲ.

ಬಿಲ್

ನೀವು ಕೇಳುವವರೆಗೆ ಬಿಲ್ ಬರುವುದಿಲ್ಲ. ಗಿರಾಕಿಯನ್ನು ಎಬ್ಬಿಸಿದಂತಾಗಬಾರದೆಂಬುದು ಅವರ ಮರ್ಯಾದೆ. ನಿಮ್ಮನ್ನು ಮರೆತರೆಂದು ಸಿಟ್ಟಾಗಬೇಡಿ. 'ತೊನ್ ಲೊಗರ್ಯಾಸ್ಮೊ, ಪರಕಲೊ' ಎಂದರೆ ಬಿಲ್ ಕೊಡಿ ಎಂದು.

ನಾಲ್ವರ ಊಟದ ಲೆಕ್ಕವನ್ನು ಉದಾಹರಣೆಗೆ ಬಿಡಿಸಿ ನೋಡೋಣ, ಬೆಲೆಗಳು ಊಹೆಯವು. ಕುವೇರ್ ತಲೆಗೆ 1.50ರಂತೆ 6 ಯೂರೋ, ಸಾಲಡ್ 12, ಫಾವಾ 9, ಜಾತ್ಸಿಕಿ 6, ಗೆಮಿಸ್ತಾ 12, ಮೇಲೆ ಹೇಳಿದ ಮೀನು 55.25, ಅರ್ಧ ಲೀಟರ್ ವೈನ್ 8, ನೀರು 2.50. ಒಟ್ಟು 110.75 ಯೂರೋ. ಸರಿಸುಮಾರು ಅರ್ಧ ಬಿಲ್ ಒಂದು ಮೀನಿನದೇ.

ಮೆನು ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ, ನಮ್ಮಲ್ಲಿಯಂತೆ ಕೊನೆಗೆ ಜಿಎಸ್‌ಟಿ ಸಾಲು ಇರುವುದಿಲ್ಲ. ಟಿಪ್ಸ್ ಕಡ್ಡಾಯವಲ್ಲ, ಸೇವೆ ಹಿಡಿಸಿದರೆ 5ರಿಂದ 10% ನಗದಾಗಿ ಮೇಜಿನ ಮೇಲಿಟ್ಟು ಬರುತ್ತಾರೆ. ಅಧಿಕೃತ ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲ ಎಂಬ ಸೂಚನೆಯನ್ನು ಮೆನುವಿನಲ್ಲಿ ಅಚ್ಚು ಹಾಕಿರುತ್ತಾರೆ. ಕೈಬರಹದ ಚೀಟಿ ಬಂದರೆ 'ಅಪೊದಿಕ್ಸಿ' ಎಂದು ಯಂತ್ರದ ರಸೀದಿ ಕೇಳಿ, ಸಾಲು ಸಾಲಾಗಿ ಓದಿ. ಮೀನಿನ ಗ್ರಾಂ ತಾಳೆಯಾಗುತ್ತದೆಯೇ ಎಂದು ನೋಡಿ. ಕಾರ್ಡ್ ಯಂತ್ರ 'ಯೂರೋ ಅಥವಾ ರೂಪಾಯಿ' ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರವನ್ನು ನಿಮ್ಮ ಬ್ಯಾಂಕ್ ಬದಲು ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ನಿಮಗೆ ನಷ್ಟ.

ಶೌಚಾಲಯದಲ್ಲಿ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ಅಲ್ಲಿನ ಕೊಳವೆಗಳು ಕಿರಿದು, ಕಟ್ಟಿಕೊಳ್ಳುತ್ತವೆ.

ಬಿಲ್ ಜೊತೆ ಬರುವ ತಟ್ಟೆ

ಬಿಲ್ ಕೇಳಿದ ಮೇಲೆ ಇನ್ನೊಂದು ಅಚ್ಚರಿ ಬರಬಹುದು: ಹೆಚ್ಚಿದ ಕಲ್ಲಂಗಡಿ, ಪುಟ್ಟ ಗ್ಲಾಸಿನಲ್ಲಿ ರಾಕಿ ಎಂಬ ಮದ್ಯ, ಅಥವಾ ಒಂದು ತುಂಡು ಸಿಹಿ. ಇದು 'ಕೆರಾಸ್ಮಾ', ಮನೆಯವರ ಸತ್ಕಾರ, ಇದಕ್ಕೆ ಬೆಲೆಯಿಲ್ಲ. ಮದ್ಯ ಬೇಡದಿದ್ದರೆ ಎದೆಗೆ ಕೈಯಿಟ್ಟು 'ಎಫಹರಿಸ್ತೊ', ಅಂದರೆ ಧನ್ಯವಾದ, ಎಂದು ನಯವಾಗಿ ಬೇಡವೆನ್ನಬಹುದು.

ಸಿಹಿ ಹಲ್ವಾ ಆಗಿದ್ದರೆ ಖಂಡಿತ ತಿನ್ನಿ. ಅದು ನಮ್ಮ ಸಜ್ಜಿಗೆಯೇ, ತುಪ್ಪದ ಬದಲು ಎಣ್ಣೆ. ಅಲ್ಲಿನ ಗೃಹಿಣಿಯರು ಅಳತೆಯನ್ನು ಮಗ್ಗಿಯಂತೆ ಹೇಳುತ್ತಾರೆ, ಒಂದು, ಎರಡು, ಮೂರು, ನಾಲ್ಕು: ಒಂದು ಲೋಟ ಎಣ್ಣೆ, ಎರಡು ಲೋಟ ರವೆ, ಮೂರು ಲೋಟ ಸಕ್ಕರೆ, ನಾಲ್ಕು ಲೋಟ ನೀರು. ರವೆಯನ್ನು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಸಕ್ಕರೆ ನೀರನ್ನು ಎರೆದು, ಅಚ್ಚಿಗೆ ಒತ್ತಿ ಆರಿಸಿ ಬೋರಲು ಹಾಕುತ್ತಾರೆ. ನೀರು ಎರೆಯುವಾಗ ಅದು ಸಿಡಿಯುತ್ತದೆ, ಮನೆಯಲ್ಲಿ ಮಾಡುವುದಾದರೆ ಎತ್ತರದ ಪಾತ್ರೆ ಇಟ್ಟುಕೊಳ್ಳಿ.